ಕಣದಲ್ಲಿ ಕೂತು ನೀಹಾರಿಕೆ ಬಿಡಿಸೋಕೆ ಒಂದು ಪ್ಯಾಡು, ಒಂದು ಮಂಕು ದೀಪ

ಟೆಲಿಸ್ಕೋಪಿನಲ್ಲಿ ಕಂಡದ್ದನ್ನು ಪೆನ್ಸಿಲ್‌ನಲ್ಲಿ ಬಿಡಿಸೋಕೆ ಚಿತ್ರಕಲೆ ಬರಬೇಕು ಅಂತ ತುಂಬ ಜನ ಅಂದುಕೊಂಡಿದ್ದಾರೆ. ನನಗೆ ಚಿತ್ರಕಲೆ ಬರಲ್ಲ. ಈ ಚಳಿಗಾಲದ ಕೆಲಸದಲ್ಲಿ ಮುಕ್ಕಾಲು ಪಾಲು ಹೋಗಿದ್ದು ಕಾಗದದ ಮೇಲೆ ಬೀಳೋ ಬೆಳಕನ್ನು ಕಮ್ಮಿ ಮಾಡೋದಕ್ಕೆ. ಹಾಗಾಗಿ ಇಲ್ಲಿ ದೀಪದ ಮಾತೇ ಜಾಸ್ತಿ.

ಟೆಲಿಸ್ಕೋಪ್ ಮೊದಲೇ ಇತ್ತು. 8 ಇಂಚಿನ ಡಾಬ್ಸೋನಿಯನ್, ಅಂದ್ರೆ ಕೈಯಲ್ಲೇ ತಿರುಗಿಸೋ ಕನ್ನಡಿ ಟೆಲಿಸ್ಕೋಪ್, ಫೋಕಲ್ ಲೆಂಗ್ತ್ 1200 ಮಿ.ಮೀ. ಐಪೀಸ್, ಅಂದ್ರೆ ಕಣ್ಣಿಡೋ ಮಸೂರ, ಎರಡು. 25 ಮಿ.ಮೀ. ಹಾಕಿದರೆ 48 ಪಟ್ಟು, 10 ಮಿ.ಮೀ. ಹಾಕಿದರೆ 120 ಪಟ್ಟು ದೊಡ್ಡದಾಗಿ ಕಾಣುತ್ತೆ. ಮೋಟಾರ್ ಇಲ್ಲ, ಆಕಾಶ ಸರಿದಂತೆಲ್ಲ ಕೊಳವೆಯನ್ನು ಕೈಯಲ್ಲೇ ತಳ್ಳುತ್ತಾ ಇರಬೇಕು. ಉದ್ದ ಎಕ್ಸ್‌ಪೋಶರ್ ಫೋಟೋ ಇದರಲ್ಲಿ ಆಗಲ್ಲ. ಪೆನ್ಸಿಲ್ ಆಗುತ್ತೆ.

ಮನೆ ಮೈಸೂರಿನಲ್ಲಿ. ತಾರಸಿ ಮೇಲಿಂದ ಎಂ42, ಅಂದ್ರೆ ಮಹಾವ್ಯಾಧನ (ಒರಾಯನ್) ನೀಹಾರಿಕೆಯ ನಡುಭಾಗ ಚೆನ್ನಾಗೇ ಕಾಣುತ್ತೆ, ಎರಡೂ ಕಡೆ ಹರಡಿದ ಮಂಕು ರೆಕ್ಕೆಗಳು ಕಾಣಲ್ಲ. ಆಂಡ್ರೊಮಿಡಾ ಗೆಲಾಕ್ಸಿ ಒಂದು ಮಬ್ಬು ಕಲೆ ಅಷ್ಟೇ. ಮೈಸೂರಿನ ಆಕಾಶ ಬೆಳ್ಳಗಿದೆ ಅಂದ ಕೂಡಲೇ ಎಲ್ಲರೂ ಅರಮನೆ ದೀಪದ ಮೇಲೆ ಹಾಕ್ತಾರೆ. ಪಾಪ, ಅದು ಉರಿಯೋದು ಭಾನುವಾರ, ಹಬ್ಬದ ದಿನ ಸಂಜೆ ಸ್ವಲ್ಪ ಹೊತ್ತು. ಬೆಳಗಿನ ತನಕ ಉರಿಯೋದು ಬೀದಿಯ ಎಲ್‌ಇಡಿ. ಹಾಗಾಗಿ ಅಮಾವಾಸ್ಯೆ ಆಸುಪಾಸು ಟೆಲಿಸ್ಕೋಪನ್ನು ಕಾರಿಗೆ ಹಾಕ್ಕೊಂಡು ಪಾಂಡವಪುರದ ಕಡೆ ಮಾವನ ಮನೆಗೆ ಹೋಗ್ತೀನಿ. ಅಲ್ಲಿ ಮನೆ ಹಿಂದೆ ಸಿಮೆಂಟಿನ ಕಣ ಇದೆ. ನೆಲ ಸಮತಟ್ಟು, ಟೆಲಿಸ್ಕೋಪ್ ಅಲ್ಲಾಡಲ್ಲ. ಕಣದ ಪೂರ್ವಕ್ಕೆ ಕಬ್ಬಿನ ಗದ್ದೆ, ಅದರಾಚೆ ನಾಲೆ. "ಅಮಾಸೆ ರಾತ್ರಿ ಯಾರಾದ್ರೂ ಕಣದಲ್ಲಿ ಕೂರ್ತಾರಾ" ಅನ್ನೋ ಅತ್ತೆಯವರ ಮಾತಿಗೆ ನನ್ನ ಹತ್ತಿರ ಇನ್ನೂ ಉತ್ತರ ಇಲ್ಲ.

ಹಂತ 1. ಡಿಸೆಂಬರ್: ಇದ್ದ ಸಾಮಾನಿನಲ್ಲೇ

ಒಂದು ಲಾಂಗ್ ನೋಟ್‌ಬುಕ್, ಒಂದು ಎಚ್‌ಬಿ ಪೆನ್ಸಿಲ್, ಬೆಳಕಿಗೆ ಮೊಬೈಲ್. ಕತ್ತಲೆಗೆ ಒಗ್ಗಿದ ಕಣ್ಣನ್ನು ಕೆಂಪು ಬೆಳಕು ಕೆಡಿಸೋದು ಕಮ್ಮಿ ಅಂತ ಮೊಬೈಲ್ ಟಾರ್ಚಿಗೆ ಗಿಫ್ಟ್ ಸುತ್ತೋ ಕೆಂಪು ಜಿಲೇಟಿನ್ ಹಾಳೆ ಕಟ್ಟಿದ್ದೆ. ಕತ್ತಲೆಗೆ ಕಣ್ಣು ಪೂರ್ತಿ ಒಗ್ಗೋಕೆ 20ರಿಂದ 30 ನಿಮಿಷ ಬೇಕು. ಅಷ್ಟು ಕಾದು ಎಂ42 ನೋಡಿದೆ. ನಡುವೆ ಟ್ರೆಪೀಜಿಯಂನ ನಾಲ್ಕು ನಕ್ಷತ್ರ, ಅದರ ಪಕ್ಕ ಕಪ್ಪು ಬಾಯಿ, ಎರಡೂ ಕಡೆಗೆ ಬಾಗಿಕೊಂಡು ಹೋದ ರೆಕ್ಕೆ. ಎಲ್ಲ ಕಂಡಿತು. ಪುಸ್ತಕಕ್ಕೆ ಬೆಳಕು ಬಿಟ್ಟು ನಾಲ್ಕು ಚುಕ್ಕಿ ಇಟ್ಟು ಮತ್ತೆ ಐಪೀಸಿಗೆ ಕಣ್ಣಿಟ್ಟರೆ ರೆಕ್ಕೆ ಮಾಯ. ನಡುಭಾಗ ಮಾತ್ರ ಉಳಿದಿತ್ತು, ಮೈಸೂರಿನ ತಾರಸಿಯಲ್ಲಿ ಕಂಡಷ್ಟೇ. ಅಷ್ಟಕ್ಕೆ ಪಾಂಡವಪುರಕ್ಕೆ ಬರಬೇಕಿತ್ತಾ?

ಜಿಲೇಟಿನ್ ಹಾಳೆ ನೋಡೋಕೆ ಕೆಂಪು, ಆದರೆ ಬೇರೆ ಬಣ್ಣದ ಬೆಳಕನ್ನೂ ಸೋರಿಸುತ್ತೆ. ಎರಡು ಮಡಿಕೆ, ನಾಲ್ಕು ಮಡಿಕೆ ಮಾಡಿದರೂ ಟಾರ್ಚಿನ ನಡುವೆ ಬಿಳಿ ಚುಕ್ಕೆ ಇಣುಕುತ್ತಿತ್ತು. ಮುಂದೆ ಕೆಂಪು ಬೆಳಕಿರೋ ಹೆಡ್‌ಲ್ಯಾಂಪ್ ತಂದೆ, 450 ರೂಪಾಯಿ. ಅದು ನಿಜವಾದ ಕೆಂಪೇ, ಆದರೆ ಕಾಡಲ್ಲಿ ದಾರಿ ನೋಡೋಕೆ ಮಾಡಿದ ದೀಪ. ಬೆಳಕು ವಿಪರೀತ. ಮೇಲಾಗಿ ತಲೆ ಎತ್ತಿದರೆ ಬೆಳಕೂ ತಲೆ ಜೊತೆ ಐಪೀಸಿನ ಮೇಲೇ ಬೀಳುತ್ತೆ. ಪ್ರತಿ ಸಲ ಆರಿಸಿ ಹಚ್ಚಬೇಕು.

ಈ ಗಡಿಬಿಡಿಯಲ್ಲಿ ಮಾವ ಹಿತ್ತಲ ಬಾಗಿಲಿಗೆ ಬಂದರು. "ಅಳಿಯಂದ್ರೇ, ಕತ್ಲಲ್ ಕೂತ್ಕೊಂಡು ಏನ್ ಗೀಚ್ತಿದ್ದೀರಿ? ತಡೀರಿ ಲೈಟ್ ಹಾಕ್ತೀನಿ." "ಬೇಡ ಮಾವ" ಅನ್ನೋದ್ರೊಳಗೆ ಕೊಟ್ಟಿಗೆ ಮುಂದಿನ ಬಲ್ಬು ಹತ್ತಿತು. ಅಲ್ಲಿಗೆ ಆ ರಾತ್ರಿ ಮುಗಿಯಿತು.

ಒಂದು ಅಳತೆಗೋಲು ಮಾತ್ರ ಸಿಕ್ಕಿತು. ಕಾಗದ ನೋಡಿ ಮತ್ತೆ ಐಪೀಸಿಗೆ ಕಣ್ಣಿಟ್ಟಾಗ ಎಂ42ರ ರೆಕ್ಕೆ ವಾಪಸ್ ಕಾಣೋಕೆ ಎಷ್ಟು ಹೊತ್ತು ಬೇಕು? ಮುಂದಿನ ಪ್ರತಿ ದೀಪವನ್ನೂ ಇದರಿಂದಲೇ ಪರೀಕ್ಷೆ ಮಾಡಿದೆ. ಹೆಡ್‌ಲ್ಯಾಂಪಿನಲ್ಲಿ ಇದು ನಿಮಿಷಗಳ ಲೆಕ್ಕ. ನನಗೆ ಬೇಕಾಗಿದ್ದು ತಕ್ಷಣ.

ಹಂತ 2. ದೀಪ

ಮೈಸೂರಿನಲ್ಲಿ ಎಲೆಕ್ಟ್ರಾನಿಕ್ಸ್ ಬಿಡಿಭಾಗ ಮಾರೋ ಅಂಗಡಿಯಿಂದ ತಂದದ್ದು: 5 ಮಿ.ಮೀ. ಕೆಂಪು ಎಲ್‌ಇಡಿ, ಎರಡು ಎಎ ಸೆಲ್ ಹಿಡಿಸೋ ಡಬ್ಬಿ, ಕರೆಂಟ್ ತಗ್ಗಿಸೋಕೆ ಕೆಲವು ರೆಸಿಸ್ಟರ್, ಒಂದು ಪಾಟ್ (ಪೊಟೆನ್ಷಿಯೋಮೀಟರ್, ತಿರುಗಿಸಿ ಹೆಚ್ಚು ಕಮ್ಮಿ ಮಾಡೋ ರೆಸಿಸ್ಟರ್). ಉಪಕರಣ ಅಂದ್ರೆ 25 ವ್ಯಾಟಿನ ಸೋಲ್ಡರಿಂಗ್ ಐರನ್, ಕಟಿಂಗ್ ಪ್ಲೇಯರ್, ಅಷ್ಟೇ.

ಎರಡು ಸೆಲ್ಲಿಗೆ 3 ವೋಲ್ಟ್. ಕೆಂಪು ಎಲ್‌ಇಡಿ ಸುಮಾರು 2 ವೋಲ್ಟ್ ತಿನ್ನುತ್ತೆ. ಉಳಿದ 1 ವೋಲ್ಟಿಗೆ ಮೊದಲು 330 ಓಂ ಹಾಕಿದೆ, ಅಂದ್ರೆ 3 ಮಿಲಿಆಂಪ್. ಹಗಲು ಟೇಬಲ್ ಮೇಲೆ ನೋಡಿದರೆ ಬಹಳ ಮಂಕು, ಭೇಷ್ ಅನ್ನಿಸಿತು. ರಾತ್ರಿ ಬಾತ್‌ರೂಮಿನಲ್ಲಿ ಬಾಗಿಲು ಹಾಕಿಕೊಂಡು ಅರ್ಧ ಗಂಟೆ ಕೂತು ಹಚ್ಚಿದರೆ ಕಣ್ಣು ಕುಕ್ಕಿತು. 1 ಕೆ, ಅಂದ್ರೆ 1000 ಓಂ ಹಾಕಿದೆ, ಅದೂ ಜಾಸ್ತಿ. 10 ಕೆ ಹಾಕಿದ ಮೇಲೆ, ಅಂದ್ರೆ 0.1 ಮಿಲಿಆಂಪಿಗೆ ಇಳಿದ ಮೇಲೆ ಹತ್ತಿರ ಬಂದೆ ಅನ್ನಿಸಿತು. ಈ ದೀಪ ಮಾಡೋರು ಯಾರೇ ಆಗಲಿ, ಹಗಲು ಹೊತ್ತು ರೆಸಿಸ್ಟರ್ ಆರಿಸೋಕೆ ಹೋಗಬೇಡಿ. ಹಗಲಿನ ಕಣ್ಣಿಗೆ ಸರಿ ಅನ್ನಿಸಿದ್ದು ರಾತ್ರಿಗೆ ಹತ್ತಾರು ಪಟ್ಟು ಜಾಸ್ತಿ.

ಕೊನೆಗೆ ನಿಂತಿದ್ದು 1 ಕೆ ರೆಸಿಸ್ಟರ್ ಜೊತೆ 100 ಕೆ ಪಾಟ್. ತಿರುಗಿಸಿದರೆ 1 ಮಿಲಿಆಂಪಿನಿಂದ 0.01ರ ತನಕ ಬರುತ್ತೆ. 1 ಕೆ ಯಾಕೆ ಅಂದ್ರೆ, ಪಾಟನ್ನು ಸೊನ್ನೆಗೆ ತಿರುಗಿಸಿದಾಗ 3 ವೋಲ್ಟ್ ನೇರವಾಗಿ ಎಲ್‌ಇಡಿ ಮೇಲೆ ಬೀಳಬಾರದು. ಹಳೆ ರೇಡಿಯೋ ವಾಲ್ಯೂಮ್ ಥರದ, ಒಂದು ಕೊನೆಯಲ್ಲಿ 'ಟಿಕ್' ಅಂತ ಆಫ್ ಆಗೋ ಪಾಟ್ ತಗೊಂಡೆ, ಬೇರೆ ಸ್ವಿಚ್ ಬೇಕಾಗಿಲ್ಲ. ಇದರಲ್ಲಿ ಒಂದು ತಾಪತ್ರಯ ಇದೆ. ಪಾಟಿಗೆ ಮೂರು ಕಾಲು. ನಡುವಿನದಕ್ಕೆ ಒಂದು ವೈರು, ಪಕ್ಕದ ಎರಡರಲ್ಲಿ ಯಾವುದಕ್ಕೆ ಇನ್ನೊಂದು ಅನ್ನೋದರ ಮೇಲೆ ಎಲ್ಲ ನಿಂತಿದೆ. ಮೊದಲು ಬೆಸೆದಾಗ 'ಟಿಕ್' ಅಂತ ಆನ್ ಆದ ಕೂಡಲೇ ಪೂರ್ತಿ ಬೆಳಕು ಮುಖಕ್ಕೆ ಹೊಡೆದು, ಆಮೇಲೆ ತಿರುಗಿಸಿದಂತೆ ಕಮ್ಮಿ ಆಗುತ್ತಿತ್ತು. ವೈರನ್ನು ಆ ತುದಿಯ ಕಾಲಿನಿಂದ ಕಿತ್ತು ಈ ತುದಿಗೆ ಬೆಸೆದೆ. ಈಗ ಅತಿ ಮಂಕಿನಿಂದ ಶುರುವಾಗುತ್ತೆ.

ಎಲ್‌ಇಡಿಯಲ್ಲೂ ಎರಡು ಜಾತಿ. ಗಾಜಿನಷ್ಟು ತಿಳಿಯಾದ ತಲೆ ಇರೋದು ಕಾಗದದ ಮೇಲೆ ಒಂದು ನಾಣ್ಯದಗಲ ಬೆಳಗಿಸಿ ಉಳಿದದ್ದನ್ನು ಕತ್ತಲೆಯಲ್ಲೇ ಬಿಡುತ್ತೆ. ಮಬ್ಬು ಕೆಂಪು ತಲೆಯದು ಬೆಳಕನ್ನು ಹರಡುತ್ತೆ. ಅಂಗಡಿಯವರು ಕೊಟ್ಟಿದ್ದು ತಿಳಿ ತಲೆಯದು, ನಾನೂ ಕೇಳಿರಲಿಲ್ಲ. 400 ನಂಬರಿನ ಉಪ್ಪು ಕಾಗದದಲ್ಲಿ ತಲೆಯನ್ನು ಉಜ್ಜಿ ಮಬ್ಬು ಮಾಡಿದೆ. ಅದೂ ಸಾಲದೆ, ಕೆಮ್ಮಿನ ಸಿರಪ್ ಜೊತೆ ಬರೋ ಅಳತೆ ಮುಚ್ಚಳದ ತಳಕ್ಕೆ ತೂತು ಮಾಡಿ ಎಲ್‌ಇಡಿ ಕೂರಿಸಿ, ಹೊರಗೆಲ್ಲ ಮ್ಯಾಟ್ ಕಪ್ಪು ಪೇಂಟ್ ಹೊಡೆದು, ಬಾಯಿಗೆ ಬಟರ್ ಪೇಪರ್ ಅಂಟಿಸಿದೆ. ಈಗ ಬೆಳಕು ಸಮನಾಗಿ ಬೀಳುತ್ತೆ, ಪಕ್ಕಕ್ಕೆ ಸೋರಲ್ಲ. ಸೆಲ್ ಖಾಲಿ ಆಗೋ ಚಿಂತೆ ಇಲ್ಲ. ಈ ಕರೆಂಟಿಗೆ ಸೆಲ್ ಹಳತಾಗಿ ಸಾಯಬೇಕೇ ಹೊರತು ಖರ್ಚಾಗಿ ಅಲ್ಲ.

ಎಷ್ಟು ಮಂಕು ಸಾಕು? ಬಿಳಿ ಹಾಳೆ ಮೇಲೆ ಎಚ್‌ಬಿಗಿಂತ ಕಪ್ಪಾದ 2ಬಿ ಪೆನ್ಸಿಲಿನ ಗೆರೆ ಕಂಡರೆ ಸಾಕು. ಎಚ್‌ಬಿ ಗೆರೆ ಕಾಣುತ್ತಿದ್ದರೆ ಇನ್ನೂ ಜಾಸ್ತಿ ಇದೆ, ತಗ್ಗಿಸಿ.

ಹಂತ 3. ಪ್ಯಾಡು ಮತ್ತು ತೋಳು

ಮಕ್ಕಳು ಪರೀಕ್ಷೆಗೆ ಒಯ್ಯೋ ಹಾರ್ಡ್‌ಬೋರ್ಡ್ ಪ್ಯಾಡು, 70 ರೂಪಾಯಿ. ಮೇಲಿನ ಎಡ ಮೂಲೆಗೆ 4 ಮಿ.ಮೀ. ತೂತು ಎರಡು, ಅದಕ್ಕೆ ಬೋಲ್ಟ್ ಹಾಕಿ 10 ಗೇಜಿನ ಜಿಐ ತಂತಿ ಬಿಗಿದೆ. ಬೇಲಿಗೆ ತಂದು ಉಳಿದದ್ದು ಮಾವನ ಮನೆಯಲ್ಲಿ ಬೇಕಾದಷ್ಟಿತ್ತು. ತಂತಿಯ ತುದಿಗೆ ದೀಪ, ಕಾಗದದಿಂದ 18 ಸೆಂ.ಮೀ. ಎತ್ತರ. ನಾನು ಬಲಗೈಯವನು, ಬೆಳಕು ಎಡದಿಂದ ಬಂದರೆ ಕೈ ನೆರಳು ಚಿತ್ರದ ಮೇಲೆ ಬೀಳಲ್ಲ. ಇದಕ್ಕಿಂತ ತೆಳುವಾದ 12 ಗೇಜಿನ ತಂತಿ ಮೊದಲು ಹಾಕಿದ್ದೆ, ದೀಪದ ಭಾರಕ್ಕೆ ತೂಗಾಡಿತು.

ಪ್ಯಾಡಿನ ಸ್ಟೀಲ್ ಕ್ಲಿಪ್ ದೀಪವನ್ನು ನೇರ ಕಣ್ಣಿಗೆ ಹೊಳೆಸುತ್ತಿತ್ತು. ಕಪ್ಪು ಇನ್ಸುಲೇಶನ್ ಟೇಪ್ ಸುತ್ತಿದೆ. ಹಳೆ ಬ್ಯಾಗಿನ ಪಟ್ಟಿ ಕಟ್ಟಿ ಪ್ಯಾಡನ್ನು ಕುತ್ತಿಗೆಗೆ ನೇತುಹಾಕಿಕೊಂಡರೆ ಟೆಲಿಸ್ಕೋಪ್ ತಳ್ಳೋಕೆ ಒಂದು ಕೈ ಯಾವಾಗಲೂ ಬಿಡುವು. ಪೆನ್ಸಿಲ್, ರಬ್ಬರ್ ಎಲ್ಲಕ್ಕೂ ದಾರ ಕಟ್ಟಿದ್ದೀನಿ. ಕೆಳಗೆ ಬಿದ್ದರೆ ಹುಡುಕೋಕೆ ಟಾರ್ಚ್ ಬೇಕು, ಟಾರ್ಚ್ ಹಾಕಿದರೆ ಮತ್ತೆ ಅರ್ಧ ಗಂಟೆ ಕಾಯಬೇಕು.

ಕೂರೋಕೆ ಪ್ಲಾಸ್ಟಿಕ್ ಸ್ಟೂಲ್, ಎತ್ತರ ಸಾಲದಿದ್ದರೆ ಕೆಳಗೆ ಇಟ್ಟಿಗೆ. ನಿಂತು ಬಿಡಿಸೋದು ಆಗದ ಮಾತು.

ಹಂತ 4. ಕಾಗದ

ದೀಪ ಆದ ಮೇಲೆ ಎಲ್ಲ ಸುಲಭ ಅಂದುಕೊಂಡಿದ್ದೆ. ಕಾಗದ ಅಷ್ಟೇ ಕಾಡಿತು.

ಐಪೀಸಿನ ವೃತ್ತಕ್ಕೆ ಹಾಳೆ ಮೇಲೆ 10 ಸೆಂ.ಮೀ. ವ್ಯಾಸದ ವೃತ್ತ ಬೇಕು. ಕಂಪ್ಯೂಟರಿನಲ್ಲಿ ಚಂದವಾಗಿ ಒಂದು ಫಾರಂ ಮಾಡಿದೆ: ಮೇಲೆ ವೃತ್ತ, ಕೆಳಗೆ ಕಾಯದ ಹೆಸರು, ಸಮಯ, ಐಪೀಸ್, ಆಕಾಶ ಹೇಗಿತ್ತು ಅಂತ ಬರೆಯೋ ಗೆರೆಗಳು. ವೃತ್ತ ಎದ್ದು ಕಾಣಲಿ ಅಂತ ಕೆಂಪು ಶಾಯಿ ಕೊಟ್ಟೆ. ಕಣಕ್ಕೆ ಹೋಗಿ ದೀಪ ಹಚ್ಚಿದರೆ ಹಾಳೆ ಖಾಲಿ! ಕೆಂಪು ಬೆಳಕಿನಲ್ಲಿ ಬಿಳಿ ಕಾಗದವೂ ಕೆಂಪು, ಕೆಂಪು ಗೆರೆಯೂ ಕೆಂಪು. ವೃತ್ತ ಎಲ್ಲಿದೆ ಅಂತ ಬೆರಳಿನಲ್ಲಿ ತಡವಿದರೂ ಗೊತ್ತಾಗಲಿಲ್ಲ. ನಕ್ಷತ್ರ ನಕ್ಷೆಗಳಲ್ಲಿ ಗೆಲಾಕ್ಸಿಗಳಿಗೆ ಕೆಂಪು ಗುರುತು ಇದ್ದರೆ ಅವೂ ಇದೇ ಥರ ಮಾಯ ಆಗುತ್ತವೆ. ಈಗ ಎಲ್ಲ ಕಪ್ಪು.

ಆ ಫಾರಂ ಮನೆಯ ಇಂಕ್‌ಜೆಟ್ ಪ್ರಿಂಟರಿನದು. ಇಬ್ಬನಿ ಬಿದ್ದ ಕೂಡಲೇ ಅಕ್ಷರ ಹರಡಿತು. ನಾಲೆ ಬಯಲು ಅಲ್ವಾ, ಡಿಸೆಂಬರ್, ಜನವರಿಯಲ್ಲಿ ರಾತ್ರಿ ಹನ್ನೊಂದರ ಮೇಲೆ ಟೆಲಿಸ್ಕೋಪಿನ ಕೊಳವೆ ಮೇಲೆ ನೀರು ಇಳಿಯುತ್ತೆ. 80 ಜಿಎಸ್‌ಎಂ ಹಾಳೆ ತೇವ ಕುಡಿದು ಮೆತ್ತಗಾಗುತ್ತೆ, ಪೆನ್ಸಿಲ್ ಹಿಡಿಯಲ್ಲ, ಒತ್ತಿದರೆ ಹರಿಯುತ್ತೆ. 160 ಜಿಎಸ್‌ಎಂ ಕಾರ್ಟ್ರಿಡ್ಜ್ ಹಾಳೆ ತಂದು ಫಾರಂ ಅನ್ನು ಜೆರಾಕ್ಸ್ ಮಾಡಿಸಿದೆ. ಜೆರಾಕ್ಸ್ ಪುಡಿ ನೀರಿಗೆ ಹರಡಲ್ಲ. ಬಿಡಿಸದ ಹಾಳೆಗಳು ಜಿಪ್ ಕವರಿನಲ್ಲಿ, ಜೊತೆಗೆ ಶೂ ಡಬ್ಬಿಯಲ್ಲಿ ಬರೋ ಸಿಲಿಕಾ ಜೆಲ್ ಪೊಟ್ಟಣ. ಪ್ಯಾಡಿನ ಮೇಲಿನ ಹಾಳೆಗೆ ಪ್ಲಾಸ್ಟಿಕ್ ಫೈಲಿನ ಒಂದು ಮಗ್ಗುಲು ಕತ್ತರಿಸಿ ಮುಚ್ಚಳ ಮಾಡಿದೆ. ಐಪೀಸಿಗೆ ಕಣ್ಣಿಟ್ಟಿರುವಾಗ ಮುಚ್ಚೋದು, ಬಿಡಿಸುವಾಗ ತೆರೆಯೋದು. ಹತ್ತು ಮಿ.ಮೀ. ಐಪೀಸ್ ಉಸಿರಿಗೇ ಮಂಜಾಗುತ್ತೆ, ಅದು ಸ್ವೆಟರ್ ಜೇಬಿನಲ್ಲಿ.

ಕಪ್ಪು ಹಾಳೆ ಮೇಲೆ ಬಿಳಿ ಪೆನ್ಸಿಲ್ ಕೂಡ ಪ್ರಯತ್ನಿಸಿದೆ. ಆಕಾಶ ಕಪ್ಪು, ನಕ್ಷತ್ರ ಬಿಳಿ, ನೇರ ಲೆಕ್ಕ. ನಕ್ಷತ್ರಗಳು ಚೆನ್ನಾಗಿ ಬರುತ್ತವೆ. ನೀಹಾರಿಕೆ ಬರಲ್ಲ. ಮೇಣ ಜಾಸ್ತಿ ಇರೋ ಅಗ್ಗದ ಬಿಳಿ ಪೆನ್ಸಿಲ್ ಉಜ್ಜಿದರೆ ಹರಡಲ್ಲ, ಅಳಿಸಿದರೆ ಅಳಿಯಲ್ಲ. ಬಿಳಿ ಹಾಳೆಗೇ ವಾಪಸ್ ಬಂದೆ. ಕಪ್ಪಲ್ಲಿ ಬಿಡಿಸಿ, ಸ್ಕ್ಯಾನ್ ಮಾಡಿದ ಮೇಲೆ ಬಣ್ಣ ತಿರುವುಮುರುವು ಮಾಡೋದು.

ಹಂತ 5. ಜನವರಿ: ಎಂ42 ಮತ್ತೆ

ಬಿಡಿಸೋಕೆ ಮುಂಚೆ ಐಪೀಸಿನ ವೃತ್ತ ಆಕಾಶದಲ್ಲಿ ಎಷ್ಟಗಲ ಅಂತ ಅಳೆದೆ. ಮಹಾವ್ಯಾಧನ ನಡುಪಟ್ಟಿಯ ಮೂರು ನಕ್ಷತ್ರದಲ್ಲಿ ಪಶ್ಚಿಮದ ತುದಿಯದು ಮಿಂಟಾಕಾ. ಅದು ಹೆಚ್ಚು ಕಡಿಮೆ ಖಗೋಳ ವಿಷುವದ್‌ವೃತ್ತದ (ಭೂಮಿಯ ಸಮಭಾಜಕ ವೃತ್ತದ ನೇರಕ್ಕೆ ಆಕಾಶದಲ್ಲಿ ಎಳೆದ ಗೆರೆ) ಮೇಲೇ ಇದೆ, ನಿಮಿಷಕ್ಕೆ 15 ಆರ್ಕ್‌ಮಿನಿಟ್ ಸರಿಯುತ್ತೆ. 60 ಆರ್ಕ್‌ಮಿನಿಟ್ ಅಂದ್ರೆ ಒಂದು ಡಿಗ್ರಿ. 25 ಮಿ.ಮೀ. ಐಪೀಸಿನ ಒಂದು ಅಂಚಿನಲ್ಲಿ ಇಟ್ಟು ಕೊಳವೆ ಮುಟ್ಟದೆ ಬಿಟ್ಟರೆ ಇನ್ನೊಂದು ಅಂಚು ದಾಟೋಕೆ 4 ನಿಮಿಷ 10 ಸೆಕೆಂಡು ಆಸುಪಾಸು. ಅಂದ್ರೆ ಸುಮಾರು 62 ಆರ್ಕ್‌ಮಿನಿಟ್, ಒಂದು ಡಿಗ್ರಿಗಿಂತ ಚೂರು ಜಾಸ್ತಿ. ನನ್ನ ಹಾಳೆಯಲ್ಲಿ 1 ಸೆಂ.ಮೀ. ಅಂದ್ರೆ 6 ಆರ್ಕ್‌ಮಿನಿಟ್ ಅಂತ ಲೆಕ್ಕ ಸಿಕ್ಕಿತು. ನಕ್ಷತ್ರ ಯಾವ ಕಡೆ ಜಾರಿ ಹೋಗುತ್ತೋ ಅದು ಪಶ್ಚಿಮ. ವೃತ್ತದ ಅಂಚಿಗೆ 'ಪ' ಅಂತ ಬರೆದುಕೊಂಡರೆ ಆಯ್ತು.

ಬಿಡಿಸೋ ಕ್ರಮ ಈಗ ಹೀಗೆ. ಮೊದಲು ನಕ್ಷತ್ರ ಮಾತ್ರ. ಎದ್ದು ಕಾಣೋ ನಾಲ್ಕೈದನ್ನು ಗಡಿಯಾರದ ಲೆಕ್ಕದಲ್ಲಿ ಇಡ್ತೀನಿ: ಒಂದು ಎರಡು ಗಂಟೆ ಜಾಗದಲ್ಲಿ ಅಂಚಿಗೆ, ಇನ್ನೊಂದು ಏಳು ಗಂಟೆಯಲ್ಲಿ ಅರ್ಧ ದೂರಕ್ಕೆ. ಆಮೇಲೆ ಅವುಗಳ ನಡುವೆ ತ್ರಿಕೋನ ಹುಡುಕಿ ಸಣ್ಣವು. ಪ್ರಕಾಶಕ್ಕೆ ತಕ್ಕ ಹಾಗೆ ಚುಕ್ಕಿಯ ಗಾತ್ರ. ಮಂಕಾದವಕ್ಕೆ 0.5 ಪೆನ್ಸಿಲ್‌ನಲ್ಲಿ 2ಬಿ ಕಡ್ಡಿ, ದೊಡ್ಡವಕ್ಕೆ ಮೊಂಡಾದ 4ಬಿ. ಪೆನ್ಸಿಲನ್ನು ನೇರ ನಿಲ್ಲಿಸಿ ತಿರುಗಿಸಿದರೆ ಚುಕ್ಕಿ ದುಂಡಗೆ ಬರುತ್ತೆ, ಓರೆ ಹಿಡಿದರೆ ಬಾಲ ಬರುತ್ತೆ. ಮೆಂಡರ್ ಜೇಬಲ್ಲಿ ಬೇಕೇ ಬೇಕು.

ನಕ್ಷತ್ರ ಎಲ್ಲ ಕೂತ ಮೇಲೆ ನೀಹಾರಿಕೆ. ಇದಕ್ಕೆ ಪೆನ್ಸಿಲ್ ಮುಟ್ಟೋದೇ ಇಲ್ಲ. ಪ್ಯಾಡಿನ ಮೂಲೆಗೆ ಅಂಟಿಸಿದ ಉಪ್ಪು ಕಾಗದದ ಚೂರಿಗೆ 4ಬಿ ಉಜ್ಜಿ ಪುಡಿ ಮಾಡಿ, ಕಾಗದ ಸುರುಳಿ ಮಾಡಿದ ಸ್ಟಂಪನ್ನು ಅದರಲ್ಲಿ ಅದ್ದಿ, ಬೇರೆ ಹಾಳೆಗೆ ಒರೆಸಿ, ಉಳಿದ ಅಷ್ಟಿಷ್ಟನ್ನು ಚಿತ್ರಕ್ಕೆ ಸವರೋದು. ಬೆರಳಲ್ಲಿ ಸವರಿದ ಜಾಗಕ್ಕೆ ಎಣ್ಣೆ ಹತ್ತಿ ಆಮೇಲೆ ಏನು ಮಾಡಿದರೂ ಕಪ್ಪು ಕಲೆ ಹೋಗಲಿಲ್ಲ. ಅವತ್ತು ಅತ್ತೆ ಬೋಂಡ ಕರಿದಿದ್ದರು. ಕಿವಿಗೆ ಹಾಕೋ ಹತ್ತಿ ಬಡ್ಸ್ ಪರವಾಗಿಲ್ಲ, ದೊಡ್ಡ ಜಾಗಕ್ಕೆ ಆಗುತ್ತೆ. ಕಪ್ಪು ಬಾಯಿ ಥರದ ಕತ್ತಲೆ ಜಾಗಗಳನ್ನು ಕೊನೆಗೆ ಪುಟ್ಟಿ ರಬ್ಬರನ್ನು ಚೂಪು ಮಾಡಿ ಎತ್ತಿ ತೆಗೀಬೇಕು.

ಈ ಸಲ ರೆಕ್ಕೆ ಹೋಗಲಿಲ್ಲ. ಕಾಗದ ನೋಡಿ ತಲೆ ಎತ್ತಿದರೆ ರೆಕ್ಕೆ ಅಲ್ಲೇ ಇತ್ತು. ಅಷ್ಟೇ ಅಲ್ಲ, ಹೊತ್ತು ಕಳೆದಂತೆ ಪೂರ್ವದ ರೆಕ್ಕೆ ಬಾಗಿ ಇನ್ನೂ ಉದ್ದ ಹೋಗಿದ್ದು ಕಾಣತೊಡಗಿತು. ಪಕ್ಕದ ಎಂ43ರ ಸಣ್ಣ ಮಬ್ಬೂ ಬೇರೆಯಾಗಿ ನಿಂತಿತು. ನೇರ ನೋಡದೆ ಚೂರು ಪಕ್ಕಕ್ಕೆ ಕಣ್ಣು ಹಾಯಿಸಿದರೆ ಇವು ಎದ್ದು ಬರುತ್ತವೆ. ಹಾಗೆ ಕಂಡದ್ದನ್ನೂ ಬಿಡಿಸ್ತೀನಿ. ಆದರೆ ಎರಡು ಸಲ ಕಂಡರೆ ಮಾತ್ರ.

ಅದೇ ರಾತ್ರಿ ಹನ್ನೆರಡರ ಹೊತ್ತಿಗೆ ಎಂ46. ಇದೊಂದು ನಕ್ಷತ್ರ ಗುಚ್ಛ, ಅದರೊಳಗೆ ಎನ್‌ಜಿಸಿ 2438 ಅನ್ನೋ ಪುಟ್ಟ ಗ್ರಹೀಯ ನೀಹಾರಿಕೆ (ಸಾಯೋ ನಕ್ಷತ್ರ ಹೊರಚೆಲ್ಲಿದ ಅನಿಲ) ಕಾಣುತ್ತೆ. ಗುಚ್ಛದ ಒಳಗೇ ಇರೋ ಹಾಗೆ ಕಂಡರೂ ಅದು ನಮಗೂ ಗುಚ್ಛಕ್ಕೂ ನಡುವೆ ಇದೆ. ನನ್ನ ಹಾಳೆಯಲ್ಲಿ ಗುಚ್ಛ 4 ಸೆಂ.ಮೀ. ಅಗಲ, ನೀಹಾರಿಕೆ 2 ಮಿ.ಮೀ.ಗಿಂತ ಕಮ್ಮಿ. 48 ಪಟ್ಟಿನಲ್ಲಿ ಒಂದು ನಕ್ಷತ್ರ ಮಾತ್ರ ಯಾಕೋ ಮಸುಕು ಅನ್ನಿಸುತ್ತೆ. 120ಕ್ಕೆ ಹೋದರೆ ಬೂದು ಬಿಲ್ಲೆ. ದೀಪದ ಪರೀಕ್ಷೆಗೆ ಇದು ಎಂ42ಗಿಂತ ಒಳ್ಳೆಯದು. ದೀಪ ಚೂರು ಜಾಸ್ತಿ ಆದರೂ ಮೊದಲು ಮಾಯ ಆಗೋದು ಇದೇ.

ಅರ್ಧ ಗುಚ್ಛ ಬಿಡಿಸೋ ಹೊತ್ತಿಗೆ ತ್ರೀ ಫೇಸ್ ಕರೆಂಟ್ ಬಂತು. ಪಕ್ಕದ ಗದ್ದೆಯವರು ಮೋಟರ್ ಹಾಕೋಕೆ ಬ್ಯಾಟ್ರಿ ಬಿಟ್ಕೊಂಡು ಬಂದರು. ಅವರ ಕೆಲಸ, ಬೇಡ ಅನ್ನೋಕಾಗುತ್ತಾ? ಕಬ್ಬಿನಲ್ಲಿ ಚಿರತೆ ಓಡಾಡೋ ಸೀಮೆ ಬೇರೆ, ಬ್ಯಾಟ್ರಿ ಇಲ್ಲದೆ ಬನ್ನಿ ಅಂತ ಹೇಳೋಕಂತೂ ಆಗಲ್ಲ. ಅವತ್ತಿಂದ ನೋಡೋ ಕಣ್ಣಿಗೆ ಕಪ್ಪು ಬಟ್ಟೆ ಪಟ್ಟಿ ಕಟ್ಟಿಕೊಳ್ತೀನಿ, ಐಪೀಸಿಗೆ ಹೋಗುವಾಗ ಮಾತ್ರ ಎತ್ತೋದು. ಕಾಗದ ಇನ್ನೊಂದು ಕಣ್ಣಲ್ಲಿ. ಯಾರು ಟಾರ್ಚ್ ಬಿಟ್ಟರೂ ಒಂದು ಕಣ್ಣು ಉಳಿಯುತ್ತೆ. ಮುಂದಿನ ಸಲ ಅವರು ಬಂದಾಗ ಕೇಳಿದ್ದು: "ಮದ್ರಾಸ್ ಐ ಬಂದೈತಾ ಸಾ?"

ಹಂತ 6. ಶಿವರಾತ್ರಿ

ಮಹಾಶಿವರಾತ್ರಿ ಬರೋದು ಅಮಾವಾಸ್ಯೆಯ ಹಿಂದಿನ ರಾತ್ರಿ. ಚಂದ್ರ ಇಲ್ಲ, ಮನೆಯವರೆಲ್ಲ ಎಚ್ಚರ, ಯಾಕೆ ಮಲಗಿಲ್ಲ ಅಂತ ಯಾರೂ ಕೇಳಲ್ಲ. ತೊಂದರೆ ಅಂದ್ರೆ ಊರ ದೇವಸ್ಥಾನಕ್ಕೆ ಸೀರಿಯಲ್ ಸೆಟ್, ಟ್ಯೂಬ್‌ಲೈಟ್. ಟೆಲಿಸ್ಕೋಪನ್ನು ಹುಲ್ಲಿನ ಮೆದೆ ಹಿಂದಕ್ಕೆ ಸರಿಸಿದೆ. ದೇವಸ್ಥಾನ ಮರೆಯಾಯ್ತು. ಹಾಡು ಮರೆಯಾಗಲಿಲ್ಲ, ಅದು ಒಳ್ಳೆಯದೇ, ನಿದ್ದೆ ಬರಲ್ಲ.

ಅವತ್ತಿನ ಗುರಿ ಎರಡು. ಎಂ51 ಅನ್ನೋ ಸುರುಳಿ ಗೆಲಾಕ್ಸಿ ಮತ್ತು ಒಮೆಗಾ ಸೆಂಟಾರಿ ಅನ್ನೋ ಗೋಳಗುಚ್ಛ, ಅಂದ್ರೆ ಚೆಂಡಿನ ಥರ ಒತ್ತಾಗಿ ಸೇರಿದ ನಕ್ಷತ್ರಗಳ ಗುಂಪು. ಒಂದು ಖಗೋಳ ವಿಷುವದ್‌ವೃತ್ತದಿಂದ ಉತ್ತರಕ್ಕೆ ಸುಮಾರು 47 ಡಿಗ್ರಿ, ಇನ್ನೊಂದು ದಕ್ಷಿಣಕ್ಕೆ ಸುಮಾರು ಅಷ್ಟೇ. ಎರಡೂ ಉತ್ತರದಿಂದ ದಕ್ಷಿಣಕ್ಕೆ ಹೋಗೋ ನೆತ್ತಿಯ ಗೆರೆ ದಾಟೋದು ಕೆಲವೇ ನಿಮಿಷದ ಅಂತರದಲ್ಲಿ. ನಮ್ಮ ಅಕ್ಷಾಂಶ ಹನ್ನೆರಡೂವರೆ ಡಿಗ್ರಿ, ಹಾಗಾಗಿ ಉತ್ತರದಲ್ಲಿ ಎಂ51 ಸುಮಾರು 55 ಡಿಗ್ರಿ ಎತ್ತರಕ್ಕೆ, ದಕ್ಷಿಣದಲ್ಲಿ ಒಮೆಗಾ 30 ಡಿಗ್ರಿಗೆ ಬರುತ್ತೆ. ಲಂಡನ್ನಿನವರಿಗೆ ಒಮೆಗಾ ಹುಟ್ಟೋದೇ ಇಲ್ಲ. ಮಂಡ್ಯ ಜಿಲ್ಲೆಯವರು ಒಂದೇ ಸ್ಟೂಲಿನ ಮೇಲೆ ತಿರುಗಿ ಕೂತು ಎರಡನ್ನೂ ಬಿಡಿಸಬಹುದು.

ಎರಡರ ಮೇಲೆ ಎಂ51 ಹಿಡಿದೆ. ಎರಡು ಮಬ್ಬು ಉಂಡೆ, ಒಂದು ದೊಡ್ಡದು, ಒಂದು ಚಿಕ್ಕದು, ಹಾಳೆ ಮೇಲೆ ಅವುಗಳ ನಡುವಿನ ಅಂತರ 7 ಮಿ.ಮೀ. ದೊಡ್ಡದರ ಸುತ್ತ ತೆಳು ಪ್ರಭೆ. ಸುರುಳಿ ಇಲ್ಲ. ಇಲ್ಲೇ ಕೈ ಮೋಸ ಮಾಡೋದು. ಈ ಗೆಲಾಕ್ಸಿಯ ಫೋಟೋ ನೋಡದವರು ಯಾರಿದ್ದಾರೆ? ತಲೆಯಲ್ಲಿ ಸುರುಳಿ ಕೂತಿದೆ, ಸ್ಟಂಪು ತಾನಾಗೇ ದುಂಡಗೆ ತಿರುಗುತ್ತೆ. ಆ ಸುರುಳಿಯನ್ನು ಮೊದಲು ಕಂಡು ಬಿಡಿಸಿದ್ದು 1845ರಲ್ಲಿ, ಐರ್ಲೆಂಡಿನ ಲಾರ್ಡ್ ರಾಸ್. ಅವನಿಗೆ ನಕಲು ಮಾಡೋಕೆ ಯಾವ ಫೋಟೋನೂ ಇರಲಿಲ್ಲ, ಆದರೆ 72 ಇಂಚಿನ ದೂರದರ್ಶಕ ಇತ್ತು. ನನ್ನದು 8 ಇಂಚು. ಎರಡು ಉಂಡೆ ಬಿಡಿಸಿ ಹಾಳೆ ತೆಗೆದೆ. ಈ ಚಳಿಗಾಲದ ನನ್ನ ಚಿತ್ರಗಳಲ್ಲಿ ಇದು ಎಲ್ಲಕ್ಕಿಂತ ಬೋಳು, ಆದರೆ ಇಲ್ಲದ್ದು ಒಂದೂ ಇದರಲ್ಲಿಲ್ಲ.

ಮೂರರ ಮೇಲೆ ಒಮೆಗಾ. ನಮ್ಮ ಆಕಾಶಗಂಗೆಯ ಅತಿ ದೊಡ್ಡ ಗೋಳಗುಚ್ಛ, ಸುಮಾರು 17,000 ಜ್ಯೋತಿರ್ವರ್ಷ ದೂರ. ಐಪೀಸಿನ ವೃತ್ತದ ಅರ್ಧ ತುಂಬಿಕೊಂಡಿತ್ತು. ಅಂಚಿನಲ್ಲಿ ಬಿಡಿ ಬಿಡಿ ನಕ್ಷತ್ರ, ನಡುವಿಗೆ ಹೋದಂತೆ ಲೆಕ್ಕ ಸಿಗಲ್ಲ. ಚುಕ್ಕಿ ಇಡುತ್ತಾ ಹೋದೆ, ಇಡುತ್ತಾ ಹೋದೆ. ಅತ್ತೆ ಕಾಫಿ ತಂದವರು ಪ್ಯಾಡಿಗೆ ಬಗ್ಗಿ ನೋಡಿ, "ಇದೇನು, ರಂಗೋಲಿಗೆ ಚುಕ್ಕಿ ಇಟ್ಟಿದ್ದೀರಾ?" ಅಂದರು. ನಿಜ! ಕೈ ತನಗೆ ತಿಳಿಯದೆಯೇ ಸಮ ಅಂತರದಲ್ಲಿ, ಸಾಲು ಸಾಲಾಗಿ ಇಟ್ಟಿತ್ತು. ದಿನಾ ರಂಗೋಲಿ ಹಾಕೋರ ಕಣ್ಣಿಗೆ ಅದು ಮೊದಲು ಬಿತ್ತು.

ಆ ಹಾಳೆ ಬಿಟ್ಟು ಬೇರೆ ತೆಗೆದೆ. ಈ ಸಲ ಮೊದಲು ಸ್ಟಂಪಿನಲ್ಲಿ ನಡುವೆ ದಟ್ಟ, ಅಂಚಿಗೆ ತೆಳುವಾಗಿ ಸವರಿದೆ. ಅದರ ಮೇಲೆ ಚುಕ್ಕಿ. ಹತ್ತಿಪ್ಪತ್ತು ಚುಕ್ಕಿ ಇಟ್ಟ ಮೇಲೆ ಪ್ಯಾಡನ್ನೇ ಕಾಲು ಸುತ್ತು ತಿರುಗಿಸೋದು, ಪೆನ್ಸಿಲ್ ಬದಲಿಸೋದು, ಮತ್ತೆ ಇಡೋದು. ಹೀಗೆ ಮಾಡಿದರೆ ಸಾಲು ಕಟ್ಟೋಕೆ ಕೈಗೆ ಅವಕಾಶ ಸಿಗಲ್ಲ. ಅಂಚಿನ ಕೆಲವು ನಕ್ಷತ್ರಗಳನ್ನು ಮಾತ್ರ ನಿಜ ಜಾಗದಲ್ಲಿ ಇಟ್ಟಿದ್ದೀನಿ, ನಡುವಿನವು ಅಂದಾಜು. ಹಾಳೆಯ ಕೆಳಗೆ ಹಾಗಂತಲೇ ಬರೆದಿದ್ದೀನಿ. ಹಲ್ಲುಜ್ಜೋ ಬ್ರಷ್ಷಿನಿಂದ ಶಾಯಿ ಸಿಡಿಸಿದರೆ ಇನ್ನೂ ಸಹಜವಾಗಿ ಬರುತ್ತೆ ಅಂತ ಆಮೇಲೆ ಮನೆಯಲ್ಲಿ ಗೊತ್ತಾಯ್ತು. ಆದರೆ ಅದು ನೋಡಿ ಬಿಡಿಸಿದ್ದು ಆಗಲ್ಲ ಅಂತ ಬಿಟ್ಟೆ.

ಒಮೆಗಾ ಹಿಂದಿನ ಆಕಾಶ ಕಪ್ಪಾಗಿರಲಿಲ್ಲ. ಪಾಂಡವಪುರದಿಂದ ದಕ್ಷಿಣಕ್ಕೆ ನೋಡಿದರೆ ಶ್ರೀರಂಗಪಟ್ಟಣ, ಮೈಸೂರಿನ ಬೆಳಕೆಲ್ಲ ಅಲ್ಲೇ. ಅಷ್ಟೊತ್ತಿಗೂ ದಿಗಂತದ ಮೇಲೆ ಹಳದಿ ಮಬ್ಬು. ಎಷ್ಟು ದೂರ ಓಡಿ ಬಂದೆನೋ ಆ ಊರೇ ಎದುರಿಗೆ.

ಹಂತ 7. ಸ್ಕ್ಯಾನ್, ಖರ್ಚು, ಉಳಿದ ಕೆಲಸ

ಜೆರಾಕ್ಸ್ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸಿದ ಎಂ42ರಲ್ಲಿ ನಕ್ಷತ್ರ ಎಲ್ಲ ಇದ್ದವು, ನೀಹಾರಿಕೆ ಇರಲಿಲ್ಲ. ಮಷೀನು ಅಕ್ಷರದ ಮೋಡಿನಲ್ಲಿತ್ತು, ತೆಳು ಬೂದನ್ನು ಕೊಳೆ ಅಂತ ತಿಳಿದು ಬಿಳಿ ಮಾಡಿತ್ತು. ಮೊಬೈಲಿನ ಸ್ಕ್ಯಾನ್ ಆಪ್‌ಗಳೂ ಅದನ್ನೇ ಮಾಡುತ್ತವೆ. ಗೆಳೆಯನ ಮನೆಯ ಫ್ಲಾಟ್‌ಬೆಡ್ ಸ್ಕ್ಯಾನರಿನಲ್ಲಿ ಗ್ರೇಸ್ಕೇಲ್, 300 ಡಿಪಿಐ, ಆಟೋ ಕರೆಕ್ಷನ್ ಆಫ್. ಆಮೇಲೆ ಜಿಂಪ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಇನ್ವರ್ಟ್, ಅಂದ್ರೆ ಕಪ್ಪು ಬಿಳಿ ಅದಲು ಬದಲು. ಕಾಗದದ ನಾರು ಆಕಾಶದಲ್ಲಿ ಧೂಳಾಗಿ ಕಾಣುತ್ತೆ, ಲೆವೆಲ್ಸ್‌ನಲ್ಲಿ ಕಪ್ಪಿನ ಕಡೆ ಚೂರು ಎಳೆದರೆ ಹೋಗುತ್ತೆ. ಜಾಸ್ತಿ ಎಳೆದರೆ ರೆಕ್ಕೆಯೂ ಹೋಗುತ್ತೆ. ಡಾಬ್ಸೋನಿಯನ್ನಿನಲ್ಲಿ ಚಿತ್ರ ತಲೆಕೆಳಗಾಗಿರುತ್ತೆ, ಕನ್ನಡಿ ಬಿಂಬ ಅಲ್ಲ. ಹಾಗಾಗಿ ನಕ್ಷೆಗೆ ಹೊಂದಿಸೋಕೆ 180 ಡಿಗ್ರಿ ತಿರುಗಿಸಿ, ಫ್ಲಿಪ್ ಒತ್ತಬೇಡಿ. ಮೂಲ ಹಾಳೆಗಳ ನಡುವೆ ಬಟರ್ ಪೇಪರ್. ಹೇರ್ ಸ್ಪ್ರೇ ಹೊಡೆದು ನೋಡಿದ್ದ ಒಂದು ಹಾಳೆಗೆ ಹನಿ ಹನಿ ಕಲೆ ಬಿತ್ತು.

ಖರ್ಚು: ಪ್ಯಾಡು 70, ಎಲ್‌ಇಡಿ, ಪಾಟ್, ರೆಸಿಸ್ಟರ್, ಸೆಲ್ ಡಬ್ಬಿ ಸೇರಿ 65, ಸೆಲ್ 40, ಹಾಳೆ ಮತ್ತು ಜೆರಾಕ್ಸ್ 130, ಪೆನ್ಸಿಲ್ 30, ಸ್ಟಂಪ್ 120, ಪುಟ್ಟಿ ರಬ್ಬರ್ 50. ಒಟ್ಟು 505 ರೂಪಾಯಿ. ತಂತಿ, ಸಿರಪ್ ಮುಚ್ಚಳ ಬಿಟ್ಟಿ. 450ರ ಹೆಡ್‌ಲ್ಯಾಂಪ್ ಈಗ ಕರೆಂಟ್ ಹೋದಾಗ ಅಡುಗೆಮನೆಯಲ್ಲಿ ಕೆಲಸಕ್ಕೆ ಬರುತ್ತೆ.

ಪಾಟ್ ಇಬ್ಬನಿ ಕುಡಿದು ತಿರುಗಿಸಿದಾಗ ದೀಪ ಮಿಣುಕತೊಡಗಿದೆ, ಅದಕ್ಕೊಂದು ರಬ್ಬರ್ ಟೋಪಿ ಮಾಡಬೇಕು. ಏಪ್ರಿಲ್‌ನಲ್ಲಿ ಮಳೆ ಮೋಡ ಶುರುವಾಗೋ ಮುಂಚೆ ಕರೀನಾ ನೀಹಾರಿಕೆ ಬಿಡಿಸೋ ಆಸೆ ಇದೆ. ಅದು ನಮಗೆ ದಿಗಂತದಿಂದ 18 ಡಿಗ್ರಿ ಮಾತ್ರ ಏಳುತ್ತೆ, ಪಾಂಡವಪುರದಿಂದ ನೋಡಿದರೆ ಮೈಸೂರಿನ ಬೆಳಕಲ್ಲೇ ಮುಳುಗಿರುತ್ತೆ. ಮೈಸೂರು ನಮ್ಮ ಬೆನ್ನ ಹಿಂದೆ ಬರಬೇಕು ಅಂದ್ರೆ ನಂಜನಗೂಡು ದಾಟಿ ಹೋಗಬೇಕು. ಆ ಕಡೆ ದಕ್ಷಿಣಕ್ಕೆ ಬಯಲಿರೋ ಕಣ ಯಾರದ್ದಾದರೂ ಇದ್ದರೆ ಹೇಳಿ. ಹಿತ್ತಲ ಬಲ್ಬು ಆರಿಸೋಕೆ ಮನೆಯವರು ಒಪ್ಪಿರಬೇಕು.